ಹೊಸ .22 ರೈಫಲ್, ಮೊದಲ ವಾರದಲ್ಲೇ ತೊಂದರೆ: ಕಂಪನಿಗೆ ಕಳಿಸಲೋ, ಇಲ್ಲೇ ಸರಿ ಮಾಡಿಸಲೋ?

ಐವತ್ತುಮೀಟರ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ ಸಲಹೆ ಕೊಡಿ.

ಏಳು ವರ್ಷ ಕ್ಲಬ್ಬಿನ ರೈಫಲ್‌ನಲ್ಲೇ ಹೊಡೆದವನು ನಾನು. ಈ ಸಲ ನನ್ನದೇ ಅಂತ ಒಂದು ಹೊಸ .22 ಬೋಲ್ಟ್ ಆಕ್ಷನ್ ಟಾರ್ಗೆಟ್ ರೈಫಲ್ ತಗೊಂಡೆ. ಆರ್ಡರ್ ಕೊಟ್ಟು, ಕಾಗದಪತ್ರ ಮುಗಿಸಿ, ಕೈಗೆ ಬರುವಷ್ಟರಲ್ಲಿ ಎಂಟು ತಿಂಗಳು ಕಳೆಯಿತು. ಬಂದ ವಾರದಲ್ಲೇ 150 ತೋಟಾ ಹೊಡೆದೆ. ಮೂರು ತೊಂದರೆ ಕಂಡಿವೆ.

ಹತ್ತಕ್ಕೆ ಒಂದು ಖಾಲಿ ಕೇಸ್ (ಹೊಡೆದ ತೋಟಾದ ಹಿತ್ತಾಳೆ ಕೊಳವೆ) ಚೇಂಬರ್‌ನಲ್ಲೇ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗದಲ್ಲೇ, ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಎತ್ತಲು ಅಂಗೈಯಿಂದ ಗುದ್ದಬೇಕು. ಕೆಲವು ಸಲ ಕೇಸ್ ಎಳೆಯುವ ಕೊಕ್ಕೆ (ಎಕ್ಸ್‌ಟ್ರಾಕ್ಟರ್) ಜಾರಿ ಕೇಸ್ ಒಳಗೇ ಉಳಿಯುತ್ತದೆ. ಎರಡನೆಯದು, ಐವತ್ತರಲ್ಲಿ ಎರಡೋ ಮೂರೋ ಹಾರುವುದೇ ಇಲ್ಲ. ತೋಟಾ ಸಿಡಿಸುವ ಫೈರಿಂಗ್ ಪಿನ್ ಬಡಿದ ಗುರುತು ಇದೆ, ಆದರೆ ತುಂಬಾ ತೆಳು. ಮೂರನೆಯದು ಗ್ರೂಪ್, ಅಂದರೆ ಗುಂಡುಗಳು ಎಷ್ಟು ಹತ್ತಿರ ಹತ್ತಿರ ಬೀಳುತ್ತವೆ ಅನ್ನೋದು. ಪೆಟ್ಟಿಗೆಯಲ್ಲಿ ಬಂದ ಟೆಸ್ಟ್ ಕಾರ್ಡ್‌ನಲ್ಲಿ 50 ಮೀಟರ್‌ಗೆ ಐದು ಗುಂಡು 13 ಮಿ.ಮೀ. ಒಳಗಿವೆ. ನಾನು ಮರಳಿನ ಚೀಲದ ಮೇಲಿಟ್ಟು ಹೊಡೆದರೂ 38 ಮಿ.ಮೀ. ಬರುತ್ತಿದೆ. ಗುರಿಹಾಳೆಯಲ್ಲಿ 10 ಅಂಕದ ಉಂಗುರವೇ 10.4 ಮಿ.ಮೀ. ಅಗಲ. ಕ್ಲಬ್ಬಿನ ಹಳೇ ರೈಫಲ್‌ನಲ್ಲಿ ನಾನು 20ರ ಒಳಗೆ ಹೊಡೆಯುತ್ತೇನೆ, ಹಾಗಾಗಿ ಇದು ನನ್ನ ಕೈಯ ತಪ್ಪು ಅಂತ ಒಪ್ಪಲು ಆಗುತ್ತಿಲ್ಲ.

ಡೀಲರ್ "ಹೊಸದು ಸಾರ್, 500 ಹೊಡೀರಿ, ತಾನಾಗಿ ಸರಿಹೋಗುತ್ತೆ" ಅಂದರು. ಲೇತ್ ಕೆಲಸ ಬಲ್ಲ ಗೆಳೆಯನೊಬ್ಬ "ಚೇಂಬರ್ ಪಾಲಿಶ್ ಮಾಡಿಕೊಡ್ತೀನಿ, ಅರ್ಧ ಗಂಟೆ ಕೆಲಸ" ಅನ್ನುತ್ತಿದ್ದಾನೆ. ಎಂಟು ತಿಂಗಳು ಕಾದವನಿಗೆ ಮತ್ತೆ ಪೆಟ್ಟಿಗೆ ಕಟ್ಟಿ ಕಳಿಸೋದು ಅಂದರೆ ಹೊಟ್ಟೆ ಉರಿಯುತ್ತದೆ. ಏನು ಮಾಡಲಿ?

ಹಳೇಬೋಲ್ಟ್
ಗೆಳೆಯನ ಕೈಗೆ ಕೊಡಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ನೇರಗುರಿ
ಇದರಲ್ಲಿ ಯೋಚನೆ ಮಾಡಲು ಏನಿದೆ? ಹೊಸ ವಸ್ತು, ಕೆಲಸ ಮಾಡುತ್ತಿಲ್ಲ. ವಾಪಸ್ ಕೊಡಿ, ಬೇರೆ ತಗೊಳ್ಳಿ. ರಿಪೇರಿ ಅನ್ನೋ ಮಾತನ್ನೇ ಎತ್ತಬೇಡಿ. ಪೂರ್ತಿ ದುಡ್ಡು ಕೊಟ್ಟು ರಿಪೇರಿ ಮಾಡಿದ ರೈಫಲ್ ಯಾಕೆ ತಗೋಬೇಕು?

ತಿರುಪುಳಿ
ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬಂದೂಕು ರಿಪೇರಿ ಮೇಜಿನ ಮುಂದೆ ಕೂತವನು ನಾನು. ನೀವು ಮೂರು ತೊಂದರೆ ಬರೆದಿದ್ದೀರಿ. ಮೂರಕ್ಕೂ ಒಂದೇ ಕಾರಣ ಇರಬೇಕು ಅಂತ ಇಲ್ಲ. ಅದನ್ನು ಬೇರೆ ಬೇರೆ ಮಾಡುವವರೆಗೂ ಕಂಪನಿಗೆ ಏನೂ ಬರೆಯಬೇಡಿ. ಬರೆದರೆ ಅವರು ಮೂರರಲ್ಲಿ ಸುಲಭವಾದ ಒಂದನ್ನು ಸರಿ ಮಾಡಿ ವಾಪಸ್ ಕಳಿಸುತ್ತಾರೆ.

ಮೊದಲು ಹಾರದ ತೋಟಾ ವಿಷಯ. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲಿ ಅಂತ ದಪ್ಪ ಗ್ರೀಸ್ ಹಾಕಿರುತ್ತಾರೆ. ಬೋಲ್ಟ್ ಒಳಗೆ, ಸ್ಪ್ರಿಂಗ್ ಸುತ್ತ ಅದು ಅಂಟಿಕೊಂಡಿದ್ದರೆ ಫೈರಿಂಗ್ ಪಿನ್ ವೇಗ ಕಳೆದುಕೊಳ್ಳುತ್ತದೆ. ಚಳಿಯಲ್ಲಿ ಇನ್ನೂ ಜಾಸ್ತಿ. ಮ್ಯಾನುಯಲ್‌ನಲ್ಲಿ ತೋರಿಸಿದ ಹಾಗೆ ಬೋಲ್ಟ್ ಬಿಚ್ಚಿ, ಪೂರ್ತಿ ಒರೆಸಿ, ಒಂದೇ ಒಂದು ಹನಿ ತೆಳು ಎಣ್ಣೆ ಸವರಿ. ಮ್ಯಾನುಯಲ್ ಬಿಚ್ಚಬೇಡಿ ಅಂದಿದ್ದರೆ ಬಿಚ್ಚಬೇಡಿ.

ಆಮೇಲೂ ಹಾರದಿದ್ದರೆ, ಬೇರೆ ಕಂಪನಿಯ ತೋಟಾ ಹಾಕಿ ನೋಡಿ. .22ರಲ್ಲಿ ಸಿಡಿಮದ್ದು ಕೇಸಿನ ಅಂಚಿನ ಒಳಗೆ ಇರುತ್ತದೆ. ಒದ್ದೆ ಇರುವಾಗ ಹಾಕಿ, ತಿರುಗಿಸಿ, ಅಂಚಿಗೆ ಹರಡುತ್ತಾರೆ. ಕೆಲವು ಕಡೆ ಸರಿಯಾಗಿ ಹರಡಿರುವುದಿಲ್ಲ. ಪಿನ್ ಆ ಖಾಲಿ ಜಾಗಕ್ಕೇ ಬಡಿದರೆ ಹಾರಲ್ಲ. ಹಾರದ ತೋಟಾವನ್ನು ಸ್ವಲ್ಪ ತಿರುಗಿಸಿ ಮತ್ತೆ ಹೊಡೆದಾಗ ಹಾರಿದರೆ ತಪ್ಪು ಹೆಚ್ಚಾಗಿ ತೋಟಾದ್ದು. ಆದರೆ ಗುರುತೇ ತೆಳು ಅಂದಿರಲ್ಲ, ಅದಕ್ಕೇ ನನಗೆ ಗ್ರೀಸ್ ಮೇಲೆ ಅನುಮಾನ.

ಒಂದು ಮುಖ್ಯ ಮಾತು. ಕುದುರೆ (ಟ್ರಿಗರ್) ಎಳೆದು ಹಾರದಿದ್ದರೆ ಕೂಡಲೇ ಬೋಲ್ಟ್ ಎತ್ತಬೇಡಿ. ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಹಾರುವ ತೋಟಾ ಇರುತ್ತದೆ. ಸದ್ದು ಸಣ್ಣಗೆ ಬಂದರೆ ಆವತ್ತಿನ ಹೊಡೆತ ಅಲ್ಲಿಗೇ ನಿಲ್ಲಿಸಿ, ಬೋಲ್ಟ್ ತೆಗೆದು ನಳಿಗೆಯಲ್ಲಿ ಗುಂಡು ಉಳಿದಿದೆಯಾ ನೋಡಿ.

ಸಿಕ್ಕಿಕೊಳ್ಳುವ ಕೇಸ್ ವಿಷಯಕ್ಕೆ ಒಂದು ಪರೀಕ್ಷೆ ಇದೆ. ಮಾರ್ಕರ್ ಪೆನ್ನಿನಿಂದ ಕೇಸಿನ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಮೇಲಕ್ಕೆ, ಗಡಿಯಾರದ 12ರ ಜಾಗಕ್ಕೆ ಬರುವ ಹಾಗೆ ಚೇಂಬರ್‌ಗೆ ಇಡಿ. ಹೊಡೆದು ತೆಗೆದ ಮೇಲೆ ಗೀರು ಎಲ್ಲಿದೆ ನೋಡಿ. ಹತ್ತು ಕೇಸಿನಲ್ಲೂ ಒಂದೇ ಜಾಗದಲ್ಲಿ ಗೀರು ಇದ್ದರೆ ಚೇಂಬರ್ ಅಂಚಿನಲ್ಲಿ ಏನೋ ಇದೆ.

ಗ್ರೂಪ್ ವಿಷಯಕ್ಕೆ ಸ್ಟಾಕ್‌ಗೆ (ಭುಜಕ್ಕೆ ಒರಗಿಸಿ ಹಿಡಿಯುವ ಭಾಗ) ಹಾಕಿದ ಎರಡು ತಿರುಪು ಬಿಗಿ ಇದೆಯಾ ನೋಡಿ. ಮ್ಯಾನುಯಲ್‌ನಲ್ಲಿ ಟಾರ್ಕ್ ಎಷ್ಟು ಅಂತ ಕೊಟ್ಟಿರುತ್ತಾರೆ. ಅಂದಾಜಿನಲ್ಲಿ ಬಿಗಿ ಮಾಡಬೇಡಿ.

ಹತ್ತುಮೀಟರ್_ಅಕ್ಕ
ತಿರುಪುಳಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಂದು ಏರ್ ರೈಫಲ್ ಕಥೆ, ಆದರೆ ಪಾಠ ಒಂದೇ.

ಹೊಸ ರೈಫಲ್. ಎರಡನೇ ವಾರದಿಂದ ಪ್ರತಿ ಸರಣಿಯ ಮೊದಲ ಗುಂಡು ಮೇಲೆ ಹೋಗುತ್ತಿತ್ತು. 10 ಮೀಟರ್‌ನಲ್ಲಿ 10ರ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ಕೂದಲೆಳೆ ವ್ಯತ್ಯಾಸ ಕೂಡ ಗೊತ್ತಾಗುತ್ತದೆ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ "ನಿಮ್ಮ ಉಸಿರಾಟ ನೋಡಿಕೊಳ್ಳಿ ಮೇಡಂ" ಅಂದರು. ಎರಡನೇ ಸಲ "ಪೆಲೆಟ್ ಬದಲಾಯಿಸಿ" ಅಂದರು. ಅತ್ತುಬಿಟ್ಟೆ ಆವತ್ತು. ಆಯ್ಕೆ ಪಂದ್ಯಕ್ಕೆ ಆರು ವಾರ ಇತ್ತು.

ಆಮೇಲೆ ಕೋಚ್ ಹತ್ತಿರ ಕ್ರೋನೋಗ್ರಾಫ್ ಇಸ್ಕೊಂಡು 40 ಗುಂಡಿನ ವೇಗ ಬರೆದೆ. ಸತತವಾಗಿ ಹೊಡೆದಾಗ ಸೆಕೆಂಡಿಗೆ 168ರಿಂದ 170 ಮೀಟರ್. ಐದು ನಿಮಿಷ ಸುಮ್ನೆ ಇಟ್ಟು ಹೊಡೆದರೆ ಮೊದಲನೆಯದು 181. ಐದು ಸಲ ಮಾಡಿದೆ, ಐದೂ ಸಲ ಹಾಗೇ. ಗಾಳಿಯ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಸರಿಯಾಗಿ ಮುಚ್ಚದೆ ಗಾಳಿ ನಿಧಾನಕ್ಕೆ ಮುಂದಕ್ಕೆ ತುಂಬಿಕೊಳ್ಳುತ್ತಿತ್ತು. 0.53 ಗ್ರಾಂ ಪೆಲೆಟ್‌ಗೆ 168 ಅಂದರೆ ಸುಮಾರು 7.5 ಜೂಲ್, 181 ಅಂದರೆ 8.7. ಜರ್ಮನಿಯಲ್ಲಿ ಲೈಸೆನ್ಸ್ ಇಲ್ಲದೆ ಮಾರುವ ಏರ್ ರೈಫಲ್‌ಗೆ 7.5 ಜೂಲ್ ಮಿತಿ ಇದೆ. ಆ ಪಟ್ಟಿಯನ್ನು ಒಂದು ಪುಟದಲ್ಲಿ ಬರೆದು ಕಳಿಸಿದೆ. ಉಸಿರಾಟದ ಮಾತು ಮತ್ತೆ ಬರಲಿಲ್ಲ. ರೆಗ್ಯುಲೇಟರ್ ಬದಲಾಯಿಸಿ ಕೊಟ್ಟರು.

ನಿಮ್ಮ ಮಾತನ್ನು ಯಾರೂ ನಂಬದಿದ್ದರೂ ಅಂಕಿ ತೋರಿಸಿದರೆ ಕೇಳುತ್ತಾರೆ.

ಹೊಸಬ22
ಅಕ್ಕಾ, ನಾನೂ ಏರ್ ರೈಫಲ್ ತಗೋಬೇಕು ಅಂತಿದ್ದೇನೆ. ಬಂದ ತಕ್ಷಣ ಏನು ನೋಡಬೇಕು?

ಹತ್ತುಮೀಟರ್_ಅಕ್ಕ
ಸಿಲಿಂಡರ್ ಮೇಲಿನ ತಾರೀಖು ನೋಡಪ್ಪ ಮೊದಲು. ತುಂಬಾ ಕಂಪನಿಗಳು ಸಿಲಿಂಡರ್‌ಗೆ ಹತ್ತು ವರ್ಷದ ಆಯಸ್ಸು ಅಂತ ಹೇಳುತ್ತವೆ, ಅದು ತಯಾರಾದ ದಿನದಿಂದ ಲೆಕ್ಕ, ನೀನು ತಗೊಂಡ ದಿನದಿಂದ ಅಲ್ಲ. ನನಗೆ ಬಂದ ಎರಡರಲ್ಲಿ ಒಂದು ಆಗಲೇ ಮೂರು ವರ್ಷ ಹಳೆಯದಾಗಿತ್ತು. ಕೇಳಿ ಬದಲಾಯಿಸಿಕೊಂಡೆ. 200 ಬಾರ್ ತುಂಬಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಗೇಜ್ ನೋಡು. ಇಳಿದಿದ್ದರೆ ಸೋರುತ್ತಿದೆ. ಅಲ್ಲಿಗೆ ಮಾಮೂಲಿ ಎಣ್ಣೆ, ಗ್ರೀಸ್ ಮಾತ್ರ ಹಾಕಬೇಡ. ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಹುದು. ಕಂಪನಿ ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ.

ನೇರಗುರಿ
ಕ್ಷಮಿಸಿ ಮೇಡಂ, ಆದರೆ ನನ್ನ ಮಾತು ಇದೇ. ನೀವು ಯಾಕೆ ಕ್ರೋನೋಗ್ರಾಫ್ ಹುಡುಕಿಕೊಂಡು ಹೋಗಬೇಕಿತ್ತು? 40 ಗುಂಡು ಹೊಡೆದು ನೋಡುವುದು ಅವರ ಕೆಲಸ. ಕಾರ್ಖಾನೆಯಲ್ಲಿ ಮಾಡಬೇಕಾದ ಪರೀಕ್ಷೆಯನ್ನು ಕೊಂಡವರ ಕೈಯಲ್ಲಿ ಮಾಡಿಸುತ್ತಿದ್ದಾರೆ. ನಾವು ಒಪ್ಪಿಕೊಳ್ಳುತ್ತಾ ಹೋದಷ್ಟೂ ಹೀಗೇ ಆಗುತ್ತದೆ.

ಹತ್ತುಮೀಟರ್_ಅಕ್ಕ
ನ್ಯಾಯವಾಗಿ ನೋಡಿದರೆ ನೀವು ಹೇಳೋದು ಸರಿ. ಆದರೆ ನನಗೆ ಆರು ವಾರದಲ್ಲಿ ಪಂದ್ಯ ಇತ್ತು. ನ್ಯಾಯ ಸಿಗುವವರೆಗೆ ಕಾಯಲು ಸಮಯ ಇರಲಿಲ್ಲ.

ಕಾಗದಪತ್ರ
ನೇರಗುರಿ ಅವರೇ, "ವಾಪಸ್ ಕೊಡಿ, ಬೇರೆ ತಗೊಳ್ಳಿ" ಅಂತ ಹೇಳೋದು ಮಿಕ್ಸಿಗೆ ಸರಿ. ರೈಫಲ್‌ಗೆ ನಂಬರ್ ಇರುತ್ತದೆ. ಬಹುತೇಕ ಕಡೆ ಆ ನಂಬರ್ ಮಾಲೀಕನ ಹೆಸರಿಗೆ ದಾಖಲಾಗಿರುತ್ತದೆ. ಬದಲಿ ರೈಫಲ್ ಅಂದರೆ ಬೇರೆ ನಂಬರ್, ಮತ್ತೆ ಮೊದಲಿನಿಂದ ಓಡಾಟ. ಅದೇ ರೈಫಲ್ ರಿಪೇರಿ ಆಗಿ ಬಂದರೆ ನಂಬರ್ ಅದೇ ಇರುತ್ತದೆ. ರಿಪೇರಿಯಲ್ಲಿ ರಿಸೀವರ್ (ಬೋಲ್ಟ್ ಕೂರುವ ಮುಖ್ಯ ಭಾಗ) ಬದಲಾಯಿಸಿದರೆ ಮಾತ್ರ ನಂಬರ್ ಬದಲಾಗಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ.

ಇನ್ನೊಂದು. ಮಾರಿದವರ ಹೊಣೆ ಬೇರೆ, ತಯಾರಿಸಿದವರ ವಾರಂಟಿ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಮಾರಿದವರೇ ಎರಡು ವರ್ಷ ಹೊಣೆ ಹೊರಬೇಕು ಅಂತ ಕಾನೂನಿದೆ. ಕಂಪನಿಯ ವಾರಂಟಿ ಅದರ ಮೇಲೆ ಹೆಚ್ಚುವರಿ. ನಿಮ್ಮ ಕಡೆ ಹೇಗೆ ಅಂತ ನೋಡಿಕೊಂಡು ಯಾರಿಗೆ ಬರೆಯಬೇಕೋ ಅವರಿಗೇ ಬರೆಯಿರಿ. ಮತ್ತೆ, ದಯವಿಟ್ಟು ರೈಫಲ್‌ನ ನೀವೇ ಪಾರ್ಸೆಲ್ ಮಾಡಬೇಡಿ. ಡೀಲರ್ ಮೂಲಕ, ರಸೀದಿ ಸಮೇತ ಹೋಗಲಿ. ನಿಮ್ಮ ಕೈಯಲ್ಲಿ ಇಲ್ಲದ ದಿನಗಳಿಗೆ ಅದು ಎಲ್ಲಿತ್ತು ಅನ್ನುವುದಕ್ಕೆ ಕಾಗದ ಇರಬೇಕು.

ಹೊಸಬ22
ಒಂದು ಅನುಮಾನ. ನಳಿಗೆ ಮೇಲೆ ಪ್ರೂಫ್ ಮುದ್ರೆ ಇರುತ್ತದಲ್ಲ? ಮುದ್ರೆ ಹಾಕಿದ ಮೇಲೂ ದೋಷ ಹೇಗೆ ಬರುತ್ತದೆ?

ದೂರನೋಟ
ಮುದ್ರೆಯ ಅರ್ಥ ಬೇರೆ. ಜಾಸ್ತಿ ಒತ್ತಡದ ತೋಟಾ ಹೊಡೆದಾಗ ನಳಿಗೆ, ಬೋಲ್ಟ್ ಒಡೆಯಲಿಲ್ಲ ಅಂತ ಅಷ್ಟೇ. ದೊಡ್ಡ ರೈಫಲ್‌ಗೆ ಸಾಮಾನ್ಯ ಮಿತಿಗಿಂತ ಶೇಕಡಾ 25, .22ಕ್ಕೆ ಶೇಕಡಾ 30ರಷ್ಟು ಹೆಚ್ಚು ಒತ್ತಡದಲ್ಲಿ ಹೊಡೆಯುತ್ತಾರೆ. ಹಳೇ ಪದ್ಧತಿ ಇದು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲೇ ಸನ್ನದು ಸಿಕ್ಕಿತ್ತು, ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ ಶುರುವಾಗಿದ್ದು 1813ರಲ್ಲಿ, ದೇಶಗಳೆಲ್ಲ ಸೇರಿ ಒಂದೇ ಅಳತೆ ಇರಲಿ ಅಂತ ಮಾಡಿಕೊಂಡ ಸಿ.ಐ.ಪಿ. 1914ರದ್ದು. ಯಾವುದೂ ಕೇಸ್ ಸುಲಭವಾಗಿ ಹೊರಗೆ ಬರುತ್ತದೋ ಇಲ್ಲವೋ ಅಂತ ನೋಡಲ್ಲ. ಗ್ರೂಪ್ ನೋಡಲ್ಲ. ಕೈಗೆ, ಕಣ್ಣಿಗೆ ಅಪಾಯ ಆಗಬಾರದು ಅನ್ನೋದಷ್ಟೇ ಅದರ ಕೆಲಸ.

ಐವತ್ತುಮೀಟರ್
ಎಲ್ಲರಿಗೂ ಧನ್ಯವಾದ. ತಿರುಪುಳಿ ಸರ್ ಹೇಳಿದ ಹಾಗೆ ಮಾಡಿದೆ.

ಬೋಲ್ಟ್ ಬಿಚ್ಚಿದರೆ ಒಳಗೆಲ್ಲ ಹಳದಿ ಗ್ರೀಸ್, ಜೇನುತುಪ್ಪದಷ್ಟು ಗಟ್ಟಿ. ಒರೆಸಿದ ಮೇಲೆ 110 ತೋಟಾ ಹೊಡೆದೆ, ಒಂದೂ ನಿಲ್ಲಲಿಲ್ಲ. ಪಿನ್ ಗುರುತೂ ಆಳವಾಗಿದೆ. ಈ ಒಂದು ವಿಷಯದಲ್ಲಿ ಕಂಪನಿಯನ್ನು ಬೈದದ್ದು ತಪ್ಪು.

ಗ್ರೂಪ್ ವಿಷಯ. ಹಿಂದಿನ ತಿರುಪು ಬೆರಳಲ್ಲೇ ತಿರುಗುವಷ್ಟು ಸಡಿಲ ಇತ್ತು. ಮ್ಯಾನುಯಲ್‌ನಲ್ಲಿ 5 ನ್ಯೂಟನ್ ಮೀಟರ್ ಅಂತ ಇದೆ, ಟಾರ್ಕ್ ಕೀ ಇಸ್ಕೊಂಡು ಬಿಗಿ ಮಾಡಿದೆ. 38 ಇದ್ದದ್ದು 24ಕ್ಕೆ ಬಂತು. ಬೇರೆ ತೋಟಾ ಹಾಕಿದರೆ 17. ನಳಿಗೆ ಚೆನ್ನಾಗಿದೆ ಅಂತ ಈಗ ನಂಬಿಕೆ ಬಂತು.

ಆದರೆ ಕೇಸ್ ಸಿಕ್ಕಿಕೊಳ್ಳೋದು ಹಾಗೇ ಇದೆ. ಮೂರು ಕಂಪನಿಯ ತೋಟಾದಲ್ಲೂ ಆಗುತ್ತಿದೆ. ಮಾರ್ಕರ್ ಗೆರೆ ಎಳೆದು 20 ಹೊಡೆದೆ. ಇಪ್ಪತ್ತರಲ್ಲೂ ಗೀರು 12ರ ಜಾಗದಲ್ಲೇ. ಟಾರ್ಚ್ ಬಿಟ್ಟು ಭೂತಕನ್ನಡಿಯಲ್ಲಿ ನೋಡಿದರೆ ಚೇಂಬರ್ ಬಾಯಿಯಲ್ಲಿ, ಸರಿಯಾಗಿ ಮೇಲ್ಗಡೆ, ಸಣ್ಣ ತಗ್ಗು ಕಾಣುತ್ತಿದೆ.

ತಿರುಪುಳಿ
ಖಾಲಿ ರೈಫಲ್‌ನಲ್ಲಿ ಕುದುರೆ ಎಳೆದು ಅಭ್ಯಾಸ ಮಾಡಿದ್ದೀರಾ? ನಿಜ ಹೇಳಿ, ಬೈಯಲ್ಲ.

ಐವತ್ತುಮೀಟರ್
ಮಾಡಿದ್ದೇನೆ ಸರ್. ರಾತ್ರಿ ಹೊತ್ತು, ದಿನಾ ಐವತ್ತು ಸಲ. ಕ್ಲಬ್ಬಿನಲ್ಲಿ ಎಲ್ಲರೂ ಮಾಡುತ್ತಾರೆ. ಮ್ಯಾನುಯಲ್‌ನಲ್ಲೂ ಮಾಡಬಹುದು ಅಂತಲೇ ಬರೆದಿದೆ, ಪುಟದ ಫೋಟೋ ತೆಗೆದಿಟ್ಟಿದ್ದೇನೆ.

ತಿರುಪುಳಿ
ಹಾಗಾದರೆ ಇದು ಕಾರ್ಖಾನೆಯ ದೋಷ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಓದುವವರಿಗೂ ಬೇಕಾಗುತ್ತದೆ.

.22ರಲ್ಲಿ ಪಿನ್ ಕೇಸಿನ ಅಂಚಿಗೆ ಬಡಿಯುತ್ತದೆ. ಆ ಅಂಚಿನ ಆಚೆಗೇ ಚೇಂಬರ್‌ನ ಬಾಯಿ. ತೋಟಾ ಇದ್ದರೆ ಪೆಟ್ಟನ್ನು ಹಿತ್ತಾಳೆ ತಡೆಯುತ್ತದೆ. ತೋಟಾ ಇಲ್ಲದಾಗ ಪಿನ್ ಉದ್ದ ಇದ್ದರೆ ನೇರ ಚೇಂಬರ್ ಬಾಯಿಗೇ ಬಡಿಯುತ್ತದೆ. ಬಡಿದು ಬಡಿದು ಅಲ್ಲಿ ತಗ್ಗು ಬೀಳುತ್ತದೆ. ತಗ್ಗಾದ ಜಾಗದ ಲೋಹ ಎಲ್ಲಿಗೆ ಹೋಗಬೇಕು? ಚೇಂಬರ್ ಒಳಕ್ಕೆ ಸಣ್ಣ ಮುಳ್ಳಿನ ಹಾಗೆ ಚಾಚಿಕೊಳ್ಳುತ್ತದೆ. ಹೊಡೆದಾಗ ಕೇಸ್ ಉಬ್ಬುತ್ತದೆ, ಆ ಮುಳ್ಳು ಕಚ್ಚಿಕೊಳ್ಳುತ್ತದೆ. ನಿಮ್ಮ 12ರ ಗೀರು ಅದೇ.

ಈಗಿನ ಒಳ್ಳೆಯ .22ಗಳಲ್ಲಿ ಪಿನ್ ಚೇಂಬರ್ ಮುಟ್ಟುವ ಮೊದಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದಕ್ಕೇ ಖಾಲಿ ಹೊಡೆಯಬಹುದು ಅಂತ ಮ್ಯಾನುಯಲ್‌ನಲ್ಲಿ ಧೈರ್ಯವಾಗಿ ಬರೆಯುತ್ತಾರೆ. ನಿಮ್ಮದರಲ್ಲಿ ಪಿನ್ ಉದ್ದ ಜಾಸ್ತಿ ಆಗಿರಬೇಕು, ಇಲ್ಲ ಅದನ್ನು ನಿಲ್ಲಿಸುವ ಭಾಗ ಸರಿ ಇಲ್ಲ. ಮ್ಯಾನುಯಲ್‌ನ ಆ ಪುಟ ಭದ್ರವಾಗಿಟ್ಟುಕೊಳ್ಳಿ. ನಾಳೆ "ನೀವು ಖಾಲಿ ಹೊಡೆದಿದ್ದೀರಿ, ವಾರಂಟಿ ಇಲ್ಲ" ಅಂದರೆ ಅದನ್ನೇ ತೋರಿಸಬೇಕು.

ಇವತ್ತಿಂದ ಖಾಲಿ ಹೊಡೆಯೋದು ನಿಲ್ಲಿಸಿ.

ಹಳೇಬೋಲ್ಟ್
ನನ್ನ ಹಳೇ ರೈಫಲ್‌ಗೂ ಇದೇ ಆಗಿತ್ತು. ಉಪ್ಪುಕಾಗದ ಸುತ್ತಿ ಉಜ್ಜಿದೆ. ಮುಳ್ಳು ಹೋಯಿತು, ಜೊತೆಗೆ ಅಂಚೂ ಹೋಯಿತು. ಆಮೇಲೆ ಕೇಸ್‌ಗಳೆಲ್ಲ ಆ ಕಡೆ ಉಬ್ಬಿ ಬರಲು ಶುರುವಾಯಿತು. ನಳಿಗೆಯನ್ನೇ ಬದಲಾಯಿಸಬೇಕಾಯಿತು. ಮೊದಲ ದಿನ ಒಂದೇ ಸಾಲಿನಲ್ಲಿ ಯಾಕೆ ಹಾಗೆ ಬರೆದೆ ಅಂತ ಈಗ ಗೊತ್ತಾಯಿತಲ್ಲ.

ಬರಿಗಣ್ಣು
ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ. ನಾನು ನನ್ನ ಎರಡು ರೈಫಲ್‌ನಲ್ಲಿ ನಾನೇ ಸರಿ ಮಾಡಿಕೊಂಡಿದ್ದೇನೆ. ಅಂಚು ಸ್ವಲ್ಪ ಉಜ್ಜಿದರೆ ಆಕಾಶ ಬೀಳಲ್ಲ. ಕಂಪನಿಗೆ ಕಳಿಸಿದರೆ ಎರಡು ತಿಂಗಳು ಹೋಯಿತು ಅಂತಲೇ ಲೆಕ್ಕ.

ತಿರುಪುಳಿ
ನಿಮ್ಮ ಕೈ ಒಳ್ಳೆಯದಿರಬಹುದು, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಎರಡು ವಿಷಯ ನೋಡಿ. ಉಜ್ಜಿ ತೆಗೆದ ಲೋಹ ಮತ್ತೆ ಬರಲ್ಲ. .22ರ ಕೇಸ್ ತೆಳು ಹಿತ್ತಾಳೆ, ಚೇಂಬರ್ ಗೋಡೆ ಅದಕ್ಕೆ ಆಸರೆ. ಆಸರೆ ಕಡಿಮೆಯಾದ ಕಡೆ ಕೇಸ್ ಒಡೆದು ಬಿಸಿ ಗಾಳಿ ಹಿಂದಕ್ಕೆ ನುಗ್ಗಬಹುದು. ಬೋಲ್ಟ್ ಹಿಂದೆ ಇರುವುದು ನಿಮ್ಮ ಕಣ್ಣು. ಈ ಕೆಲಸಕ್ಕೇ ಅಂತ ಒಂದು ಸಾಧನ ಇದೆ, ಚೇಂಬರ್ ಐರನ್ ಅನ್ನುತ್ತಾರೆ. ಅದು ಲೋಹ ಕೊರೆಯಲ್ಲ, ಒಳಕ್ಕೆ ಚಾಚಿದ್ದನ್ನು ಒತ್ತಿ ಹಿಂದಕ್ಕೆ ತಳ್ಳುತ್ತದೆ. ಅದನ್ನೂ ಗೊತ್ತಿದ್ದವರೇ ಹಿಡಿಯಬೇಕು.

ಎರಡನೆಯದು, ಮುಳ್ಳು ತೆಗೆದರೂ ಪಿನ್ ಉದ್ದ ಹಾಗೇ ಇರುತ್ತದಲ್ಲ? ಮುಂದಿನ ತಿಂಗಳು ಅದೇ ಕಥೆ. ಆಗ ಕಂಪನಿ ಹತ್ತಿರ ಹೋದರೆ ಉಜ್ಜಿದ ಗುರುತು ನೋಡಿ ಬಾಗಿಲು ಹಾಕುತ್ತಾರೆ.

ಬರಿಗಣ್ಣು
ಪಿನ್ ವಿಷಯ ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ. ಸಮಯದ ಮಾತು ಮಾತ್ರ ಬಿಡಲ್ಲ, ಎರಡು ತಿಂಗಳು ನೋಡ್ತಿರಿ.

ದೂರನೋಟ
ನಿಧಾನ ಆದರೂ ಪರವಾಗಿಲ್ಲ ಅನ್ನುವ ದೋಷ ಇದು. ಆದರೆ ಒಂದು ಬಗೆಯ ದೋಷಕ್ಕೆ ಕಾಯುವ ಹಾಗೇ ಇಲ್ಲ, ಅದನ್ನು ಇಲ್ಲಿ ಹೇಳಲೇಬೇಕು.

ಹೊಸ ರೈಫಲ್ ಬಂದ ದಿನ, ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ತೋಟಾ ಬೇರೆ ಕೋಣೆಯಲ್ಲಿಟ್ಟು, ಬಾಯಿ ಸುರಕ್ಷಿತ ಕಡೆ ತಿರುಗಿಸಿ ಹೀಗೆ ಮಾಡಿ. ಬೋಲ್ಟ್ ಹಾಕಿ ಸೇಫ್ಟಿ ಹಾಕಿ. ಕುದುರೆ ಎಳೆದು ಬಿಡಿ. ಈಗ ಕುದುರೆ ಮುಟ್ಟದೆ ಸೇಫ್ಟಿ ತೆಗೆಯಿರಿ. ಪಿನ್ ಬೀಳಬಾರದು. ಬೋಲ್ಟನ್ನು ಜೋರಾಗಿ ಹಾಕಿದಾಗಲೂ ಬೀಳಬಾರದು. ಬಿದ್ದರೆ ಆ ರೈಫಲ್‌ಗೆ ತೋಟಾ ತೋರಿಸಲೇಬೇಡಿ. ಅವತ್ತೇ ಬರೆಯಿರಿ.

ಇದು ಊಹೆಯ ಮಾತಲ್ಲ. 2014ರಲ್ಲಿ ರೆಮಿಂಗ್ಟನ್ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಸಿತು. ಎಕ್ಸ್-ಮಾರ್ಕ್ ಪ್ರೋ ಟ್ರಿಗರ್ ಇದ್ದವು, 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು. ಟ್ರಿಗರ್ ಜೋಡಿಸುವಾಗ ಅಂಟು ಜಾಸ್ತಿ ಬಿದ್ದು, ಎಳೆಯದೆಯೂ ಹಾರುವ ಸಾಧ್ಯತೆ ಇತ್ತು. ಎಂಟು ವರ್ಷದ ತಯಾರಿಕೆ! 2004ರಲ್ಲಿ ಸಾಕೋ ಕೂಡ ಸ್ಟೇನ್‌ಲೆಸ್ ನಳಿಗೆಯ ಸಾಕೋ, ಟಿಕ್ಕಾ ರೈಫಲ್‌ಗಳನ್ನು ವಾಪಸ್ ಕರೆಸಿತ್ತು. ಉಕ್ಕಿನ ದೋಷದಿಂದ ನಳಿಗೆ ಒಡೆದಿದ್ದವು.

ನೇರಗುರಿ
ಇದಕ್ಕೇ ನಾನು ಬಾಯಿ ಬಡಿದುಕೊಳ್ಳೋದು. ಸರ್ಕಾರದವರು ಮೊದಲೇ ಹಿಡಿಯಬೇಕಿತ್ತಲ್ಲ?

ದೂರನೋಟ
ಅಮೆರಿಕದಲ್ಲಿ ಬೇರೆ ಸಾಮಾನುಗಳ ಸುರಕ್ಷತೆ ನೋಡುವ ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್‌ಗೆ ಬಂದೂಕಿನ ಮೇಲೆ ಅಧಿಕಾರವೇ ಇಲ್ಲ. ಮಕ್ಕಳ ಆಟಿಕೆಯನ್ನು ವಾಪಸ್ ಕರೆಸಬಹುದು, ರೈಫಲ್‌ನ ಆಗಲ್ಲ. ತಯಾರಿಸಿದವರು ತಾವಾಗಿ ಹೇಳಬೇಕು. ಹಾಗಾಗಿ ವಾರಂಟಿ ಕಾರ್ಡ್ ತುಂಬಿ ಕಳಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ವಿಳಾಸ ಅವರ ಹತ್ತಿರ ಇಲ್ಲದಿದ್ದರೆ ವಾಪಸ್ ಕರೆಯುವ ಪತ್ರ ಎಲ್ಲಿಗೆ ಬರಬೇಕು?

ಐವತ್ತುಮೀಟರ್
ಸೇಫ್ಟಿ ಪರೀಕ್ಷೆ ಮಾಡಿದೆ, ಸರಿ ಇದೆ. ಖಾಲಿ ಕೇಸ್ ಇಟ್ಟುಕೊಂಡು ಮಾಡಿದೆ, ಪಿನ್ ಮತ್ತೆ ಅಂಚಿಗೆ ಬಡಿಯಬಾರದಲ್ಲ.

ಕಂಪನಿಗೆ ಪತ್ರ ಬರೆದಿದ್ದೇನೆ. ಕಳಿಸುವ ಮೊದಲು ನೋಡಿ:

"ಎಂಟು ತಿಂಗಳು ಕಾದು ಕೊಂಡ ರೈಫಲ್ ಹೀಗಿರುವುದು ನನಗೆ ಮಾಡಿದ ಮೋಸ. ಕೇಸ್ ಪದೇಪದೇ ಸಿಕ್ಕಿಕೊಳ್ಳುತ್ತದೆ. ಫೈರಿಂಗ್ ಪಿನ್ ಉದ್ದ ಇದೆ. ದಯವಿಟ್ಟು ಚೇಂಬರ್ ಪಾಲಿಶ್ ಮಾಡಿ, ಪಿನ್ ಬದಲಾಯಿಸಿ ಕೂಡಲೇ ಕಳಿಸಿಕೊಡಬೇಕು."

ತಿರುಪುಳಿ
ಮೊದಲ ಸಾಲು ತೆಗೆಯಿರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಓದುವ ಮೇಸ್ತ್ರಿ ನಿಮಗೆ ಮೋಸ ಮಾಡಿದವನಲ್ಲ.

"ಪದೇಪದೇ" ತೆಗೆಯಿರಿ. ಎಷ್ಟರಲ್ಲಿ ಎಷ್ಟು ಅಂತ ಬರೆಯಿರಿ.

ಮುಖ್ಯವಾಗಿ, ಏನು ರಿಪೇರಿ ಮಾಡಬೇಕು ಅಂತ ಬರೆಯಬೇಡಿ. "ಚೇಂಬರ್ ಪಾಲಿಶ್ ಮಾಡಿ" ಅಂದರೆ ಪಾಲಿಶ್ ಮಾಡಿ ಕಳಿಸುತ್ತಾರೆ, ಕೇಳಿದ್ದು ಮಾಡಿದ್ದೇವೆ ಅನ್ನುತ್ತಾರೆ. ಏನಾಗುತ್ತಿದೆ ಅಂತ ಹೇಳಿ, ಕಾರಣ ಅವರು ಹುಡುಕಲಿ. ಹೀಗೆ ಬರೆಯಿರಿ:

"ಮಾದರಿ, ನಂಬರ್, ಕೊಂಡ ದಿನ. ಒಟ್ಟು ಹೊಡೆದ ತೋಟಾ 260, ಮೂರು ಬೇರೆ ಕಂಪನಿಯವು. 27 ಕೇಸ್ ಸಿಕ್ಕಿಕೊಂಡಿವೆ. ಗುರುತು ಮಾಡಿದ 20 ಕೇಸಿನಲ್ಲೂ 12ರ ಜಾಗದಲ್ಲಿ ಗೀರು ಇದೆ, ಫೋಟೋ 1. ಚೇಂಬರ್ ಬಾಯಿಯಲ್ಲಿ ಅದೇ ಜಾಗದಲ್ಲಿ ತಗ್ಗು ಇದೆ, ಫೋಟೋ 2. ಮ್ಯಾನುಯಲ್‌ನಲ್ಲಿ ಖಾಲಿ ಹೊಡೆಯಲು ಅನುಮತಿ ಇದೆ, ಫೋಟೋ 3. ಬೋಲ್ಟ್ ಶುಚಿ ಮಾಡಲಾಗಿದೆ, ತಿರುಪು 5 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಲಾಗಿದೆ, ಬೇರೇನೂ ಮುಟ್ಟಿಲ್ಲ. ಕಾರಣ ಕಂಡುಹಿಡಿದು ಸರಿಪಡಿಸಿ, ಏನು ಮಾಡಿದಿರಿ ಎಂದು ಬರೆದು ಕೊಡಿ."

ಇದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪೆಟ್ಟಿಗೆ ಒಳಗೂ ಇಡಿ. ಮೇಲ್ ಓದುವವರು ಒಬ್ಬರು, ಮೇಜಿನ ಮೇಲೆ ರೈಫಲ್ ಬಿಚ್ಚುವವರು ಇನ್ನೊಬ್ಬರು.

ಹತ್ತುಮೀಟರ್_ಅಕ್ಕ
ಸೈಟ್, ಪಟ್ಟಿ, ಎಲ್ಲ ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಸ್ಟಾಕ್‌ನ ನಾಲ್ಕೂ ಕಡೆ ಫೋಟೋ ತೆಗೆಯಿರಿ. ನನ್ನದು ವಾಪಸ್ ಬಂದಾಗ ಕೆನ್ನೆ ಇಡುವ ಭಾಗದ ಅಳತೆಯೇ ಬದಲಾಗಿತ್ತು, ಹಳೇ ಅಳತೆ ಬರೆದಿಟ್ಟಿರಲಿಲ್ಲ. ಮತ್ತೆ ಹೊಂದಿಸಲು ಹತ್ತು ದಿನ ಹಿಡಿಯಿತು.

ಹೊಸಬ22
ಸ್ಪಂಜ್ ಇರುವ ಪೆಟ್ಟಿಗೆಯಲ್ಲೇ ರೈಫಲ್ ಇಟ್ಟರೆ ತುಕ್ಕು ಹಿಡಿಯುತ್ತದೆ ಅಂತಾರೆ, ನಿಜನಾ?

ಹಳೇಬೋಲ್ಟ್
ನಿಜ. ಸ್ಪಂಜ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಸಾಗಿಸಲು ಮಾತ್ರ ಆ ಪೆಟ್ಟಿಗೆ. ಬಂದ ಕೂಡಲೇ ಹೊರಗೆ ತೆಗೆದು ಒರೆಸಿಡಬೇಕು. ಕಂಪನಿಯಿಂದ ಬಂದ ರೈಫಲ್ ನಾಲ್ಕು ದಿನ ಪೆಟ್ಟಿಗೆಯಲ್ಲೇ ಬಿಟ್ಟು ನಳಿಗೆ ಮೇಲೆ ಚುಕ್ಕೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ಐವತ್ತುಮೀಟರ್
ಪತ್ರ ತಿದ್ದಿ ಕಳಿಸಿದೆ. ಮೂರನೇ ದಿನಕ್ಕೆ ಉತ್ತರ ಬಂತು, ಡೀಲರ್ ಮೂಲಕ ಕಳಿಸಿ, ಸಾಗಣೆ ಖರ್ಚು ನಮ್ಮದು ಅಂತ. ಖಾಲಿ ಹೊಡೆಯುವುದರ ಬಗ್ಗೆ ಒಂದು ಪ್ರಶ್ನೆಯೂ ಕೇಳಲಿಲ್ಲ. ರಸೀದಿ ಇಸ್ಕೊಂಡು ಕೊಟ್ಟು ಬಂದೆ. ಕೈ ಖಾಲಿ ಖಾಲಿ ಅನಿಸುತ್ತಿದೆ.

ಬರಿಗಣ್ಣು
ಎಷ್ಟು ವಾರ ಆಯಿತು ಸರ್? ಸುದ್ದಿಯೇ ಇಲ್ಲ.

ಐವತ್ತುಮೀಟರ್
ಐದು ವಾರಕ್ಕೆ ಬಂತು. ನಿನ್ನೆ ಕೈಗೆ ಸಿಕ್ಕಿತು.

ಜೊತೆಯಲ್ಲಿ ಚೀಟಿ ಇದೆ: ಫೈರಿಂಗ್ ಪಿನ್ ಬದಲಾಯಿಸಲಾಗಿದೆ, ಚೇಂಬರ್ ಅಂಚು ಸರಿಪಡಿಸಲಾಗಿದೆ, 20 ಗುಂಡು ಹೊಡೆದು ಪರೀಕ್ಷಿಸಲಾಗಿದೆ. ಹೊಸ ಟೆಸ್ಟ್ ಕಾರ್ಡ್ ಕೂಡ ಇಟ್ಟಿದ್ದಾರೆ, 14 ಮಿ.ಮೀ. ನಂಬರ್ ಅದೇ ಇದೆ.

ಇವತ್ತು ಬೆಳಿಗ್ಗೆ ಒರೆಸಿ, ತಿರುಪು ನೋಡಿಕೊಂಡು (ಮತ್ತೆ ಸಡಿಲ ಇತ್ತು!) 200 ಹೊಡೆದೆ. ಒಂದೂ ಸಿಕ್ಕಿಕೊಳ್ಳಲಿಲ್ಲ. ಬೋಲ್ಟ್ ಎರಡು ಬೆರಳಲ್ಲಿ ಏಳುತ್ತದೆ. ನೂರು ದಾಟಿದ ಮೇಲೆ ಎಣಿಸೋದನ್ನೇ ಮರೆತೆ, ಕಡೆಗೆ ಖಾಲಿ ಕೇಸ್ ಎಣಿಸಿ ಲೆಕ್ಕ ಹಾಕಿದೆ.

ಒಂದೇ ಬೇಸರ. ಸ್ಟಾಕ್‌ನ ಎಡಗಡೆ, ಹಿಡಿಯ ಹತ್ತಿರ ಬೆರಳುದ್ದದ ಹೊಸ ಗೀರು. ಕಳಿಸುವ ಮೊದಲು ತೆಗೆದ ಫೋಟೋದಲ್ಲಿ ಅದು ಇಲ್ಲ.

ಹತ್ತುಮೀಟರ್_ಅಕ್ಕ
ಎರಡೂ ಫೋಟೋ ಪಕ್ಕಪಕ್ಕ ಇಟ್ಟು ಇವತ್ತೇ ಕಳಿಸಿ. ನಾಳೆಗೆ ಬಿಡಬೇಡಿ.

ನೇರಗುರಿ
ರಿಪೇರಿ ಆದದ್ದು ಸಂತೋಷ, ಮನಸಾರೆ ಹೇಳುತ್ತಿದ್ದೇನೆ. ಆದರೆ ತಿರುಪು ಎರಡನೇ ಸಲವೂ ಸಡಿಲ ಇಟ್ಟು ಕಳಿಸಿದ್ದಾರೆ ನೋಡಿ. ಅದನ್ನೂ ಬರೆಯಿರಿ. ಬರೆಯದಿದ್ದರೆ ಮುಂದಿನವರಿಗೂ ಹಾಗೇ ಬರುತ್ತದೆ.

ತಿರುಪುಳಿ
ಈ ಸಲ ನೇರಗುರಿ ಅವರ ಮಾತಿಗೆ ನನ್ನದೂ ಸಹಿ. ಗೀರಿಗಿಂತ ತಿರುಪಿನ ವಿಷಯ ಮೊದಲು ಬರೆಯಿರಿ. ಇನ್ನು ತಿಂಗಳಿಗೊಮ್ಮೆ ಚೇಂಬರ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ತಗ್ಗು ಮತ್ತೆ ಕಾಣದಿದ್ದರೆ ಪಿನ್ ಸರಿಯಾಗಿದೆ ಅಂತ.

ಐವತ್ತುಮೀಟರ್
ಬರೆದೆ ಸರ್. ತಿರುಪು ಮೊದಲು, ಗೀರು ಆಮೇಲೆ. ಭಾನುವಾರ 60 ಗುಂಡಿನ ಪಂದ್ಯ ಇದೆ, ನನ್ನ ಸ್ವಂತ ರೈಫಲ್‌ನಲ್ಲಿ ಮೊದಲನೆಯದು.

ತಂಪುನಳಿಗೆ
ಎಲ್ಲವನ್ನೂ ಓದಿದೆ. ನನಗೂ ಹೋದ ವಾರ ಹೊಸ .22 ಬಂದಿದೆ, ಐವತ್ತರಲ್ಲಿ ನಾಲ್ಕು ಹಾರುತ್ತಿಲ್ಲ. ಕಂಪನಿಗೆ ಬರೆಯಲಾ?

ಐವತ್ತುಮೀಟರ್
ಬೋಲ್ಟ್ ಒಳಗಿನ ಗ್ರೀಸ್ ತೆಗೆದ್ರಾ?